ಟೈಪಿಸ್ಟಮ್ಮನ ಹನ್ನೊಂದು ಸೆಕೆಂಡು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹಾಲು ಹಾಕುವವನಿಂದ ಹಿಡಿದು ಎದುರುಮನೆಯ ಅಜ್ಜಿಯವರೆಗೆ ಎಲ್ಲರ ಬಾಯಲ್ಲೂ ಅವಳು ಟೈಪಿಸ್ಟಮ್ಮ. ಹದಿನೇಳು ತುಂಬಿದ ವರ್ಷ, ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ಟೈಪಿಂಗ್ ಶಾಲೆಗೆ ಅವಳಪ್ಪ ಅವಳನ್ನು ಸೇರಿಸಿದ್ದರು. ಅಲ್ಲಿದ್ದದ್ದು ಹನ್ನೆರಡು ಯಂತ್ರ. ಒಂದೊಂದಕ್ಕೂ ಒಂದೊಂದು ಕಾಯಿಲೆ. ಕಲಿಸುತ್ತಿದ್ದ ಮೇಷ್ಟರು ಹುಡುಗಿಯರ ಕೈಗಳ ಮೇಲೆ ಕರವಸ್ತ್ರ ಹೊದಿಸಿ, "ಕಣ್ಣು ಕಾಗದದ ಮೇಲೆ, ಬೆರಳು ಅದರ ಪಾಡಿಗೆ ಅದು" ಎನ್ನುತ್ತಿದ್ದರು. ಆರು ತಿಂಗಳಲ್ಲಿ ಅವಳ ಬೆರಳುಗಳು ನಿಜಕ್ಕೂ ಅವುಗಳ ಪಾಡಿಗೆ ಅವು ಆಗಿಬಿಟ್ಟವು. ಯಾರಾದರೂ ಎದುರಿಗೆ ಕೂತು ಮಾತಾಡಿದರೆ, ಮಡಿಲಲ್ಲಿದ್ದ ಬೆರಳುಗಳು ಆ ಮಾತನ್ನೆಲ್ಲ ಸದ್ದಿಲ್ಲದೆ ಟೈಪ್ ಮಾಡುತ್ತಿದ್ದವು. ಮದುವೆಗೆ ಮುಂಚೆ ಮೊದಲ ಸಲ ಭೇಟಿಯಾದಾಗ ಅವಳ ಅತ್ತೆ ಅದನ್ನು ನೋಡಿ, ಹುಡುಗಿಗೆ ಕೈನಡುಕ ಇದೆಯೇನೋ ಎಂದು ಒಂದು ವಾರ ಒಳಗೊಳಗೇ ಕೊರಗಿದ್ದರಂತೆ.

ಇಪ್ಪತ್ತೊಂಬತ್ತು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಕಾಗದಪತ್ರ ಟೈಪ್ ಮಾಡಿದಳು. ಎಂಟು ಸಾಹೇಬರು ಬಂದು ಹೋದರು. ಒಬ್ಬೊಬ್ಬರೂ ಹೇಳುವುದನ್ನು ಹೇಳಿ ಮುಗಿಸುವ ಹೊತ್ತಿಗೆ ಪುಟ ಅವರ ಮುಂದೆ ಸಹಿಗೆ ಬಂದಿರುತ್ತಿತ್ತು. ಆಮೇಲೆ ಒಂದು ದಿನ ಸಾಹೇಬರೇ ತಮ್ಮ ಕಾಗದ ತಾವೇ ಒತ್ತಿಕೊಳ್ಳುವ ಕಾಲ ಬಂತು. ಅವಳ ಹುದ್ದೆ ರದ್ದಾಯಿತು. ಬೀಳ್ಕೊಡುಗೆಯ ಭಾಷಣವನ್ನೂ ಅವಳೇ ಟೈಪ್ ಮಾಡಿಕೊಟ್ಟು ಮನೆಗೆ ಬಂದಳು. ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಸಂಶೋಧನೆ ಮಾಡುವವರ ಪ್ರಬಂಧ, ವಕೀಲರ ಅರ್ಜಿ, ಸಂಘದ ವರದಿ ಎಂದು ಬಂದದ್ದನ್ನೆಲ್ಲ ಟೈಪ್ ಮಾಡಿಕೊಡತೊಡಗಿದಳು. ಅಲ್ಲಿಗೆ ಏಳು ವರ್ಷ.

ದನದ ಡಾಕ್ಟರು ಬಂದದ್ದು ಆ ಏಳನೆಯ ವರ್ಷದಲ್ಲಿ. ನಿವೃತ್ತರಾಗಿದ್ದರು. ನಲವತ್ತು ವರ್ಷ ಕೊಟ್ಟಿಗೆ ಕೊಟ್ಟಿಗೆ ತಿರುಗಿ ಕಂಡದ್ದನ್ನೆಲ್ಲ ಪುಸ್ತಕ ಮಾಡಬೇಕೆಂಬುದು ಅವರ ಆಸೆ. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಂದು, ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತ ಬಾಯಲ್ಲೇ ಹೇಳುತ್ತಿದ್ದರು; ಅವಳು ಟೈಪ್ ಮಾಡುತ್ತಿದ್ದಳು. ಹೊಲದ ಆ ತುದಿಯಲ್ಲಿ ನಿಂತ ರೈತನಿಗೆ ಕೂಗಿ ಹೇಳಿ ಅಭ್ಯಾಸವಾದ ಗಂಟಲು. ಪಶುವೈದ್ಯ ಕಾಲೇಜಿನವರು ಹೊಸ ತರಗತಿ ಶುರುವಾಗುವುದರೊಳಗೆ ಪುಸ್ತಕ ಸಿಕ್ಕಿದರೆ ಓದಿಗೆ ಇಡುತ್ತೇವೆ ಎಂದಿದ್ದರು. ಮುದ್ರಣದವನು ತಿಂಗಳ ಕೊನೆಯ ಗಡುವು ಹಾಕಿದ್ದ.

ಮೊದಲ ಇನ್ನೂರು ಪುಟ ನೀರು ಹರಿದಂತೆ ಹೋಯಿತು. ಆಮೇಲೆ, ಒಂದು ಸೋಮವಾರ, ಡಾಕ್ಟರು ಕಿಟಕಿಯ ಹತ್ತಿರ ನಿಂತು, "ಎಲ್ಲಿಗೆ ನಿಲ್ಲಿಸ್ದೆ, ಸ್ವಲ್ಪ ಓದಿ" ಎಂದರು.

ಟೈಪಿಸ್ಟಮ್ಮ ತೆರೆಯನ್ನು ನೋಡಿದಳು. ಡಾಕ್ಟರು ಹೇಳಿದ ಕೊನೆಯ ಎರಡು ವಾಕ್ಯ ಅಲ್ಲಿರಲೇ ಇಲ್ಲ. ಅವಳ ಬೆರಳು ಒತ್ತಿಯಾಗಿತ್ತು, ಅಕ್ಷರ ಬಂದಿರಲಿಲ್ಲ. 'ಹಾಲಿನ ಕೆಚ್ಚಲು' ಎಂಬಲ್ಲಿ 'ಕೆಚ್' ಎಂದು ನಿಂತಿದ್ದ ಪದ ತನ್ನ ಒತ್ತಕ್ಷರಕ್ಕಾಗಿ ಕಾದು ಕೂತಿತ್ತು. ಅವಳು ಕೈ ತೆಗೆದು ನೋಡುತ್ತಿದ್ದಂತೆ 'ಚ' ಬಂದು ಅದರ ಕೆಳಗೆ ಮೆಲ್ಲಗೆ ಕೂತಿತು. ಆಮೇಲೆ ಉಳಿದ ಅಕ್ಷರಗಳು, ಸಂತೆಯಿಂದ ಮನೆಗೆ ಹೊರಟ ಮುದುಕರಂತೆ, ನಿಂತು ನಿಂತು ಒಂದೊಂದೇ ಬಂದವು.

"ಬರ್ತಾ ಇದೆ ಡಾಕ್ಟ್ರೇ. ಒಂದ್ನಿಮಿಷ."

"ಏನು, ಮೆಲುಕು ಹಾಕ್ತಾ ಇದೆಯಾ?"

ಮೊದಲ ದಿನ ಅವಳಿಗೂ ನಗು ಬಂತು. ಮೂರನೇ ದಿನಕ್ಕೆ ಬರಲಿಲ್ಲ. ಡಾಕ್ಟರು ಹೇಳುವುದನ್ನು ನಿಲ್ಲಿಸಿ ಕಾಯಬೇಕು. ಕಾಯುವಾಗ ಅವರಿಗೆ ಬೇರೇನೋ ಕಥೆ ನೆನಪಾಗುತ್ತಿತ್ತು. ಆ ಕಥೆ ಮುಗಿಯುವಷ್ಟರಲ್ಲಿ ವಿಷಯ ತಪ್ಪಿರುತ್ತಿತ್ತು. ದಿನಕ್ಕೆ ಹನ್ನೆರಡು ಪುಟ ಆಗುತ್ತಿದ್ದದ್ದು ಐದಕ್ಕೆ ಇಳಿಯಿತು.

ಅವಳ ಯಜಮಾನರು ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುತ್ತಿದ್ದವರು. ಈಗ ಅವರೂ ನಿವೃತ್ತರು. ಕರೆಂಟಿಗೆ ಸಂಬಂಧಪಟ್ಟ ಯಾವ ವಸ್ತುವಿನ ಬಗ್ಗೆಯೂ ಕೊನೆಯ ಮಾತು ತಮ್ಮದೇ ಎಂಬುದು ಅವರ ನಂಬಿಕೆ.

"ಧೂಳು" ಎಂದರು. "ಒಳಗೆ ಧೂಳು ಕೂತಿರುತ್ತೆ. ಬಿಚ್ಚಿ ಒರೆಸಿದ್ರೆ ಸರಿಹೋಗುತ್ತೆ."

"ಧೂಳು ಕೂತ್ರೆ ಕಂಪ್ಯೂಟರೇ ನಿಧಾನ ಆಗ್ಬೇಕಲ್ಲ. ಬೇರೆ ಎಲ್ಲಾ ಚೆನ್ನಾಗೇ ಓಡ್ತಾ ಇದೆ. ಟೈಪ್ ಮಾಡೋ ಪ್ರೋಗ್ರಾಂ ಒಂದೇ ಹೀಗೆ."

"ಅದಕ್ಕೇ ಜಾಸ್ತಿ ಧೂಳು ಕೂತಿರ್ಬೇಕು."

ಅವಳು ಎದ್ದು ಹೋಗಿ ಕಾಫಿಗೆ ಇಟ್ಟಳು. ವಾಪಸ್ಸು ಬರುವಷ್ಟರಲ್ಲಿ ಯಜಮಾನರು ಕಂಪ್ಯೂಟರ್ ಡಬ್ಬದ ಒಂದು ಬದಿಯ ಮುಚ್ಚಳ ಬಿಚ್ಚಿ, ಬಣ್ಣ ಬಳಿಯುವ ಕುಂಚ ಹಿಡಿದು ಒಳಗೆ ತಲೆ ಹಾಕಿದ್ದರು. ಒಂದು ಬೊಗಸೆ ಧೂಳೇನೋ ಬಂತು. ಅದನ್ನು ಪೇಪರಿನ ಮೇಲೆ ಸುರಿದು ಸಾಕ್ಷಿಯಂತೆ ಅವಳಿಗೆ ತೋರಿಸಿದರು. ಮುಚ್ಚಳ ಹಾಕಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಪ್ರೋಗ್ರಾಂ ಎಂದಿನಂತೆ ಮೆಲುಕು ಹಾಕುತ್ತಲೇ ಇತ್ತು.

ಮರುದಿನ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು. ನಲವತ್ತರ ಆಸುಪಾಸಿನವನು, ಎರಡು ಫೋನು, ಎರಡೂ ಹೊಡೆದುಕೊಳ್ಳುತ್ತಲೇ ಇದ್ದವು. ಕುರ್ಚಿಯ ಅಂಚಿನಲ್ಲಿ ಕೂತು, ಬಲಗೈಯ ಒಂದೇ ಬೆರಳಿನಿಂದ ತನ್ನ ಹೆಸರನ್ನು ಒತ್ತಿದ. ಒಂದಕ್ಷರ ಹುಡುಕಿ, ಒತ್ತಿ, ಇನ್ನೊಂದನ್ನು ಹುಡುಕಿ, ಒತ್ತಿ.

"ಸ್ಪೀಡಾಗೇ ಇದೆಯಲ್ಲ ಮೇಡಂ."

"ನೀವು ಆ ಸ್ಪೀಡಲ್ಲಿ ಒತ್ತಿದ್ರೆ ಕಲ್ಲುಬಂಡೆನೂ ಸ್ಪೀಡಾಗೇ ಕಾಣುತ್ತೆ."

ಅವನಿಗೆ ಅರ್ಥವಾಗಲಿಲ್ಲ. ಒಂದು ಫೋನ್ ತೆಗೆದು ಯಾರಿಗೋ "ದಾರೀಲಿದ್ದೀನಿ" ಎಂದ. ಮತ್ತೆ ತಿರುಗಿ, "ನನಗೇನೂ ಪ್ರಾಬ್ಲಂ ಕಾಣಿಸ್ತಾ ಇಲ್ಲ. ನೋಡಿ, ಒತ್ತಿದ ತಕ್ಷಣ ಬರುತ್ತೆ" ಎಂದು ಇನ್ನೊಂದು ಸಲ ತನ್ನ ಹೆಸರು ಒತ್ತಿ ತೋರಿಸಿದ.

ಆಗ ಅವಳಿಗೆ ಹೊಳೆಯಿತು. ಯಜಮಾನರು ಒತ್ತಿ ನೋಡಿದಾಗಲೂ ಹೀಗೇ ಆಗಿತ್ತು. ಡಾಕ್ಟರು ಒಂದು ಪದ ತಿದ್ದಿದಾಗಲೂ ಇದೇ. ಈ ರೋಗ ಕಾಣಿಸಿಕೊಳ್ಳುವುದು ಅವಳ ಕೈಗೆ ಮಾತ್ರ. ಇಡೀ ಬೀದಿಯಲ್ಲಿ ಆ ಯಂತ್ರವನ್ನು ಹಿಂದೆ ಹಾಕುವಷ್ಟು ಬೇಗ ಒತ್ತುವವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅವಳು ಹೇಳುವುದನ್ನು ನಂಬುವವರೂ ಇರಲಿಲ್ಲ.

"ಏಳಿ" ಎಂದಳು. "ನಿಂತ್ಕೊಂಡು ನೋಡಿ."

ಅವಳು ಕೂತು, ಅಂದಿನ ಪೇಪರಿನ ಒಂದು ಪುಟವನ್ನು ಪಕ್ಕದಲ್ಲಿ ಒರಗಿಸಿಕೊಂಡು, ಹತ್ತು ಬೆರಳನ್ನೂ ಕೀಲಿಗಳ ಮೇಲೆ ಇಟ್ಟಳು. ಆಮೇಲೆ ಸುರಿಮಳೆ ಶುರುವಾಯಿತು. ರಿಪೇರಿಯವನ ಕಣ್ಣು ಅವಳ ಕೈಯ ಮೇಲೆ ನೆಟ್ಟುಹೋಯಿತು. ಫೋನ್ ಹೊಡೆದುಕೊಂಡರೂ ಎತ್ತಲಿಲ್ಲ. ಒಂದು ದೊಡ್ಡ ಪ್ಯಾರಾ ಮುಗಿಸಿ, ಕೈ ತೆಗೆದು, ಎದೆಯ ಮೇಲೆ ಕಟ್ಟಿಕೊಂಡು ಕೂತಳು.

"ಈಗ ತೆರೆ ನೋಡಿ."

ಯಾರೂ ಮುಟ್ಟದ ಯಂತ್ರದಲ್ಲಿ ಅಕ್ಷರಗಳು ತಾವಾಗಿಯೇ ಮೂಡುತ್ತಿದ್ದವು. ಸಾಲು ಮುಗಿಯುವ ಕಡೆ ತಡೆದು, ಮತ್ತೆ ಮುಂದಿನ ಸಾಲಿಗೆ ಇಳಿದು, ಮೂಡುತ್ತಲೇ ಇದ್ದವು. ಅವಳು ಗೋಡೆ ಗಡಿಯಾರದ ಮುಳ್ಳನ್ನು ನೋಡುತ್ತ ಎಣಿಸಿದಳು. ಹನ್ನೊಂದು ಸೆಕೆಂಡು.

"ಅಬ್ಬ" ಎಂದ ರಿಪೇರಿಯವನು. ಆದರೆ ಅವನು ಬೆರಗಾದದ್ದು ಯಂತ್ರವನ್ನು ಕಂಡಲ್ಲ. "ಇಷ್ಟು ಫಾಸ್ಟಾಗಿ ಯಾಕೆ ಒತ್ತುತ್ತೀರಾ ಮೇಡಂ? ಸ್ವಲ್ಪ ನಿಧಾನಕ್ಕೆ ಒತ್ತಿದ್ರೆ ಪ್ರಾಬ್ಲಮ್ಮೇ ಇಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹದಿನೇಳರಿಂದ ಐವತ್ತೆಂಟರವರೆಗೆ ಅವಳು ಕಲಿತ ಒಂದೇ ಒಂದು ವಿದ್ಯೆ. ಅದನ್ನು ಕಡಿಮೆ ಮಾಡಿಕೊಂಡರೆ ಯಂತ್ರಕ್ಕೆ ಅನುಕೂಲವಂತೆ.

ಆದರೂ ಅವನು ಕೈಲಾದದ್ದನ್ನು ಮಾಡಿದ. ಕಾಗುಣಿತ ತಪ್ಪು ಹುಡುಕುವ ಸೌಲಭ್ಯವನ್ನು ನಿಲ್ಲಿಸಿದ. ಅದಕ್ಕೆ ಕನ್ನಡವೇ ಗೊತ್ತಿರಲಿಲ್ಲ, ಡಾಕ್ಟರ ಇನ್ನೂರು ಪುಟದ ಪ್ರತಿ ಪದದ ಕೆಳಗೂ ಕೆಂಪು ಗೆರೆ ಎಳೆದು ಕೂತಿತ್ತು. ಆ ಗೆರೆಗಳು ಹೋದ ಮೇಲೆ ಹನ್ನೊಂದು ಒಂಬತ್ತಾಯಿತು. ಬೇಡದ ಫೈಲು ಅಳಿಸಿದ, ಅದರಿಂದ ಏನೂ ಆಗಲಿಲ್ಲ. ಪ್ರೋಗ್ರಾಮನ್ನು ತೆಗೆದು ಮತ್ತೆ ಹಾಕಿದ. ಹಾಕಿದ್ದರಿಂದ ಕೆಂಪು ಗೆರೆಯೂ ವಾಪಸ್ಸು ಬಂತು, ಹನ್ನೊಂದು ಸೆಕೆಂಡೂ ವಾಪಸ್ಸು ಬಂತು.

"ಹಳೇದಾಯ್ತು ಮೇಡಂ. ಹೊಸದು ತಗೊಂಡ್ಬಿಡಿ" ಎಂದು ಎದ್ದು ನಿಂತ.

"ಹೋದ ತಿಂಗಳು ಹಳೇದಾಗಿರಲಿಲ್ವಾ ಇದು?"

ಅವನು ಎರಡನೇ ಫೋನ್ ತೆಗೆದು ಮಾತಾಡುತ್ತ ಮೆಟ್ಟಿಲಿಳಿದು ಹೋದ.

ಯಜಮಾನರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದರು. "ಸ್ವಲ್ಪ ನಿಧಾನವಾಗಿ ಒತ್ತು. ನಿನಗೇನು ರೈಲು ಹೊರಡುತ್ತಾ?"

ಅವಳು ಕೆಂಪು ಗೆರೆಯನ್ನು ತಾನೇ ನಿಲ್ಲಿಸಿದಳು. ರಿಪೇರಿಯವನು ಒತ್ತಿದ್ದನ್ನೆಲ್ಲ ಹಿಂದೆ ನಿಂತು ನೋಡಿಕೊಂಡಿದ್ದಳು.

ಅವತ್ತಿನಿಂದ ಅವಳು ಒಂದು ನೋಟುಪುಸ್ತಕ ಇಟ್ಟಳು. ಕಚೇರಿಯಲ್ಲಿದ್ದಾಗ ಟೈಪ್‌ರೈಟರ್ ಕೆಟ್ಟರೆ ಅವಳು ಮೆಕ್ಯಾನಿಕ್‌ಗೆ ಕಾಯುತ್ತಿರಲಿಲ್ಲ. ಒಂದು ಭಾಗ ಬಿಚ್ಚು, ಒತ್ತಿ ನೋಡು. ಸರಿಯಾಗದಿದ್ದರೆ ಅದನ್ನು ಇದ್ದಲ್ಲೇ ಇಟ್ಟು ಇನ್ನೊಂದನ್ನು ಬಿಚ್ಚು. ಎರಡನ್ನು ಒಟ್ಟಿಗೆ ಬಿಚ್ಚಬಾರದು. ಬಿಚ್ಚಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಈಗಲೂ ಅದೇ ಕ್ರಮ ಹಿಡಿದಳು. ಎಡಗಡೆ ದಿನಾಂಕ, ನಡುವೆ ಏನು ಬದಲಾಯಿಸಿದೆ, ಬಲಗಡೆ ಸೆಕೆಂಡು. ಅದೇ ಪ್ಯಾರಾ, ಅದೇ ಗೋಡೆ ಗಡಿಯಾರ. ಪುಸ್ತಕವನ್ನು ಇಪ್ಪತ್ತು ಪುಟದ ಚೂರುಗಳಾಗಿ ಒಡೆದು ನೋಡಿದಳು: ಒಂಬತ್ತು. ಅಕ್ಷರದ ಶೈಲಿ ಬದಲಾಯಿಸಿದಳು: ಒಂಬತ್ತು. ವೈರಸ್ ಹಿಡಿಯುವ ಪ್ರೋಗ್ರಾಂ ನಿಲ್ಲಿಸಿದಳು: ಒಂಬತ್ತು. ಏನೂ ಬರೆಯದ ಹೊಚ್ಚ ಹೊಸ ಖಾಲಿ ಪುಟ ತೆರೆದು ಅದರಲ್ಲಿ ಒತ್ತಿದಳು: ಒಂಬತ್ತು. ಆ ಖಾಲಿ ಪುಟದ ಒಂಬತ್ತು ಅವಳನ್ನು ಅಳಿಸುವುದೊಂದು ಬಾಕಿ. ಡಾಕ್ಟರ ಪುಸ್ತಕದ ತಪ್ಪಿದ್ದರೆ ಡಾಕ್ಟರನ್ನಾದರೂ ಬೈಯಬಹುದಿತ್ತು.

ಮನೆಯಲ್ಲಿ ಅವಳ ಮಾತನ್ನು ನಂಬಿದವರು ಒಬ್ಬರೇ, ಅವಳ ಅತ್ತೆ. ಎಂಬತ್ತಾರು ವಯಸ್ಸು, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ, ಸೊಸೆಯ ಟಕಟಕ ಕೇಳುತ್ತ ನಿದ್ದೆಗೆ ಜಾರುವುದು ಅವರ ವಾಡಿಕೆ.

"ಯಾಕಮ್ಮ, ಈಗೀಗ ನಿಂತು ನಿಂತು ಹೊಡೀತೀಯಾ?" ಎಂದು ಕೇಳಿದರು. "ನಿದ್ದೆ ಹತ್ತೋ ಹೊತ್ತಿಗೆ ಸದ್ದು ನಿಲ್ಲುತ್ತೆ. ಎಚ್ಚರ ಆಗ್ಬಿಡುತ್ತೆ."

"ನಾನಲ್ಲ ಅತ್ತೆ, ಮಶೀನು ನಿಲ್ಲಿಸ್ತಾ ಇದೆ."

"ಅದೇ ಅಂದ್ಕೊಂಡೆ. ನೀನು ಹಾಗೆಲ್ಲ ನಿಲ್ಲಿಸೋಳಲ್ಲ."

ಮಗ ಹೇಳಲಾರದ ಮಾತನ್ನು ತಾಯಿ ಹೇಳಿದರಲ್ಲ ಎಂದು ಟೈಪಿಸ್ಟಮ್ಮ ಅಂದುಕೊಂಡಳು.

ಗಡುವಿಗೆ ಹನ್ನೆರಡು ದಿನ ಉಳಿದಿತ್ತು. ಕಾಲುಬಾಯಿ ಜ್ವರದ ಅಧ್ಯಾಯ ಅರ್ಧದಲ್ಲೇ ನಿಂತಿತ್ತು. ಡಾಕ್ಟರು ಬೈಯಲಿಲ್ಲ. "ಬೇರೆ ಕಡೆ ಕೊಟ್ಟು ನೋಡ್ಲಾ, ನಿಮಗೂ ಹೊರೆ ಕಮ್ಮಿ ಆಗುತ್ತೆ" ಎಂದು ತೀರಾ ಮೆತ್ತಗೆ ಕೇಳಿದರು. ಆ ದೊಡ್ಡ ಗಂಟಲು ಅಷ್ಟು ಮೆತ್ತಗಾದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಕೊನೆಗೆ ಅವಳು ಯಾರಿಗೆ ಫೋನ್ ಮಾಡಬಾರದು ಎಂದುಕೊಂಡಿದ್ದಳೋ ಅವನಿಗೇ ಮಾಡಬೇಕಾಯಿತು.

ಟೈಪಿಂಗ್ ಶಾಲೆಯಲ್ಲಿ ಅವನನ್ನು ಎಲ್ಲರೂ ಎಡಚ ಎನ್ನುತ್ತಿದ್ದರು. ಆ ಹನ್ನೆರಡು ಯಂತ್ರಗಳ ಕೋಣೆಯಲ್ಲಿ ಅವಳಿಗೆ ಸಮನಾಗಿ ಒತ್ತುತ್ತಿದ್ದವನು ಅವನೊಬ್ಬನೇ. ವೇಗದ ಪರೀಕ್ಷೆಯ ದಿನ ಅವಳೇ ಮುಂದಿದ್ದಳು. ಕೊನೆಯ ಎರಡು ನಿಮಿಷ ಇರುವಾಗ ಅವಳ ಯಂತ್ರದ ರಿಬ್ಬನ್ ಸಿಕ್ಕಿಕೊಂಡಿತು. ಪರೀಕ್ಷಕರು ಒಂದು ಕ್ಷಣವನ್ನೂ ಹೆಚ್ಚಿಗೆ ಕೊಡಲಿಲ್ಲ. ಮೊದಲನೆಯವನಾಗಿ ಎಡಚನ ಹೆಸರು ಹಲಗೆಯ ಮೇಲೆ ಬಂತು. ಆಮೇಲೆ ಅವನು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರನಾಗಿ ಸೇರಿ ಅಲ್ಲೇ ನಿವೃತ್ತನಾದ. ನಲವತ್ತು ವರ್ಷದಲ್ಲಿ ಎರಡೋ ಮೂರೋ ಸಲ ಬಸ್ಸಿನಲ್ಲಿ ಸಿಕ್ಕಿದ್ದ. ಅವಳು ಕಿಟಕಿಯಾಚೆ ನೋಡಿದ್ದಳು. ಈಚೆಗೆ ಸಿಗ್ನಲ್ಲಿನ ಹತ್ತಿರ ಸಿಕ್ಕ ಹಳೆಯ ಸಹಪಾಠಿಯೊಬ್ಬಳು ಬಲವಂತವಾಗಿ ಅವನ ನಂಬರನ್ನು ಇವಳ ಫೋನಿಗೆ ಹಾಕಿಕೊಟ್ಟಿದ್ದಳು.

"ಯಾರು ಮಾತಾಡೋದು?"

"ನಾನು. ಟೈಪಿಂಗ್ ಶಾಲೆ. ಕಿಟಕಿ ಪಕ್ಕದ ಮಶೀನು."

"ಓ, ರಿಬ್ಬನ್ನು" ಎಂದ.

ಫೋನ್ ಇಟ್ಟುಬಿಡೋಣ ಎನ್ನಿಸಿತು. ಕಾಲುಬಾಯಿ ಜ್ವರ ನೆನಪಾಗಿ ಹಲ್ಲುಕಚ್ಚಿ ತಡೆದುಕೊಂಡಳು. "ನನ್ನ ಕಂಪ್ಯೂಟರಲ್ಲಿ ಟೈಪ್ ಮಾಡೋದು ನಿಧಾನ ಆಗಿದೆ. ನಿಮಗೇನಾದ್ರೂ ಗೊತ್ತಿದೆಯಾ ಅಂತ ಕೇಳೋಕೆ ಮಾಡ್ದೆ."

"ಎಷ್ಟು ನಿಧಾನ?"

ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಕೇಳಿದ ಮೊದಲ ಮನುಷ್ಯ ಅವನು. ಅವಳು ನೋಟುಪುಸ್ತಕ ತೆರೆದಳು.

"ಒಂದು ದೊಡ್ಡ ಪ್ಯಾರಾಗೆ ಹನ್ನೊಂದು ಸೆಕೆಂಡು ಹಿಂದೆ ಬೀಳ್ತಿತ್ತು. ಈಗ ಒಂಬತ್ತು."

"ಅಕ್ಷರ ಅಕ್ಷರಕ್ಕೂ ತಡಿಯುತ್ತಾ, ಇಲ್ಲ ಸಾಲಿನ ಕೊನೇಲಿ ತಡಿಯುತ್ತಾ?"

ಅವಳು ಯೋಚಿಸಿದಳು. "ಸಾಲಿನ ಕೊನೇಲೇ ಜಾಸ್ತಿ. ಪುಟ ಮುಗಿಯೋ ಕಡೆ ಇನ್ನೂ ಜಾಸ್ತಿ."

"ಖಾಲಿ ಪುಟದಲ್ಲೂ?"

"ಖಾಲಿ ಪುಟದಲ್ಲೂ."

"ನಿಮ್ಮ ಪ್ರಿಂಟರ್ ಯಾವುದು?"

"ನಾನು ಪ್ರಿಂಟ್ ಮಾಡ್ತಾ ಇಲ್ಲ. ಟೈಪ್ ಮಾಡ್ತಾ ಇದ್ದೀನಿ."

"ಅದು ಗೊತ್ತಾಯ್ತು. ಪ್ರಿಂಟರ್ ಯಾವುದು ಅಂತ ಕೇಳಿದ್ದು."

ಇವನೂ ಅವರ ಜಾತಿಯೇ, ಕೇಳಿದ್ದೊಂದು ಹೇಳುವುದೊಂದು ಎಂದುಕೊಂಡಳು. ಆದರೆ ಎಡಚ ಸಾವಕಾಶವಾಗಿ ಬಿಡಿಸಿ ಹೇಳಿದ. "ನಾವು ಮಶೀನಲ್ಲಿ ಕೂತಾಗ ಮೊದಲು ಕಾಗದ ಏರಿಸಿ ಅಳತೆ ನೋಡ್ತಿದ್ವಲ್ಲ, ಇಷ್ಟು ಅಂಚು, ಇಷ್ಟು ಸಾಲು ಅಂತ? ಇದೂ ಹಾಗೇನೇ. ಸಾಲು ಎಲ್ಲಿ ಮುರೀಬೇಕು, ಪುಟ ಎಲ್ಲಿ ಮುಗೀಬೇಕು ಅಂತ ಪ್ರಿಂಟರ್ ಹತ್ರ ಕೇಳುತ್ತೆ. ಪ್ರಿಂಟರ್ ಇದ್ರೆ ತಕ್ಷಣ ಹೇಳುತ್ತೆ. ಇಲ್ದೇ ಹೋದ್ರೆ ಇದು ಕೂಗ್ತಾ ಕಾಯುತ್ತೆ. ಪ್ರತಿ ಸಾಲಿಗೂ ಕೂಗಿ, ಕಾದು, ಆಮೇಲೆ ಮುಂದಕ್ಕೆ ಹೋಗುತ್ತೆ. ಕೋರ್ಟಲ್ಲಿ ನನಗೆ ಇದೇ ಆಗಿತ್ತು. ಪ್ರಿಂಟರನ್ನ ಬೇರೆ ಮಹಡಿಗೆ ಸಾಗಿಸಿದ್ರು. ನಾನು ಮೂರು ತಿಂಗಳು ಒದ್ದಾಡಿದೆ. ವಯಸ್ಸಾಯ್ತು, ಕೈ ನಿಧಾನ ಆಯ್ತು ಅಂತ ಮೇಲಿನವರು ನಂಗೇ ಹೇಳಿದ್ರು. ಮಶೀನು ಯಾವತ್ತಿಂದ ಹೀಗಾಗಿದೆ?"

ನೋಟುಪುಸ್ತಕದ ಮೊದಲ ಪುಟದಲ್ಲಿ ಅದೂ ಇತ್ತು. ಮುಂದಿನ ಕೋಣೆಗೆ ಬಣ್ಣ ಬಳಿಸಿದ ಮರುವಾರ.

ಅವಳು ಫೋನ್ ಕಿವಿಯಲ್ಲೇ ಹಿಡಿದು ಮುಂದಿನ ಕೋಣೆಗೆ ಹೋದಳು. ಪ್ರಿಂಟರ್ ಇರುತ್ತಿದ್ದದ್ದು ಅಲ್ಲಿ, ಮೂಲೆಯ ಮೇಜಿನ ಮೇಲೆ. ತಂತಿ ಇಲ್ಲದೆ ಹಿತ್ತಲ ಕೋಣೆಯ ಕಂಪ್ಯೂಟರಿಗೆ ಸೇರಿಕೊಂಡಿತ್ತು. ಬಣ್ಣದವರು ಬರುವ ಮುಂಚೆ ಅದನ್ನು ಅಟ್ಟದ ಮೇಲೆ ಇಟ್ಟಿದ್ದಾರೆಂದು ಅವಳು ತಿಳಿದಿದ್ದಳು. ಪುಸ್ತಕವನ್ನು ಮುದ್ರಣದವನಿಗೆ ಫೈಲಾಗಿಯೇ ಕಳಿಸುವುದರಿಂದ ಈಚೆಗೆ ಅದರ ಕೆಲಸವೂ ಬಿದ್ದಿರಲಿಲ್ಲ.

"ರೀ, ಪ್ರಿಂಟರ್ ಎಲ್ಲಿ?"

ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ಯಾವ ಪ್ರಿಂಟರು?"

"ನಮ್ಮನೇಲಿ ಎಷ್ಟಿದ್ವು?"

"ಅದಾ. ತಮ್ಮನ ಅಂಗಡಿಗೆ ಕೊಟ್ಟೆ. ಸುಮ್ನೆ ಧೂಳು ಹಿಡೀತಾ ಕೂತಿತ್ತು. ನಿಂಗೆ ಹೇಳಿದ್ನಲ್ಲ."

"ಹೇಳಿರಲಿಲ್ಲ."

"ಹೇಳಿರ್ಬೇಕು. ನೀನು ಟೈಪ್ ಮಾಡ್ತಾ ಕೂತಿದ್ದೆ, ಕೇಳಿಸಿರಲ್ಲ."

ಅವಳು ಬಾಯಿಗೆ ಬಂದ ಮಾತನ್ನು ಅಲ್ಲೇ ನುಂಗಿದಳು, ಯಾಕೆಂದರೆ ಎಡಚ ಇನ್ನೂ ಫೋನಿನಲ್ಲಿದ್ದ. ಆ ಮಾತೆಲ್ಲ ಅವನ ಕಿವಿಗೂ ಬಿದ್ದಿರಬೇಕು. ನಗು ತಡೆದುಕೊಳ್ಳುವ ಉಸಿರು ಕೇಳಿಸಿತು.

ಉಳಿದದ್ದು ಎರಡು ನಿಮಿಷದ ಕೆಲಸ. ಅವನು ಹೇಳಿದಂತೆ ಪ್ರಿಂಟರುಗಳ ಪಟ್ಟಿ ತೆರೆದಳು. ಮೈದುನನ ಅಂಗಡಿ ಸೇರಿದ ಪ್ರಿಂಟರು ಹಸಿರು ಗುರುತಿನ ಸಮೇತ ಮುಖ್ಯ ಸ್ಥಾನದಲ್ಲೇ ಮೆರೆಯುತ್ತಿತ್ತು. ಅದನ್ನು ಅಳಿಸಿ, ಕಂಪ್ಯೂಟರಿನೊಳಗೇ ಇರುವ ಪಿಡಿಎಫ್ ಎಂಬುದನ್ನು ಮುಖ್ಯ ಪ್ರಿಂಟರಾಗಿ ಆರಿಸಿದಳು. ಪ್ರೋಗ್ರಾಂ ಮುಚ್ಚಿ ತೆರೆದಳು. ಫೋನನ್ನು ಮೇಜಿನ ಮೇಲಿಟ್ಟು ಅದೇ ಪ್ಯಾರಾವನ್ನು ಒತ್ತಿದಳು. ಕೊನೆಯ ಚುಕ್ಕಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಚುಕ್ಕಿ ತೆರೆಯ ಮೇಲಿತ್ತು. ನೋಟುಪುಸ್ತಕದ ಬಲಗಡೆ ಸೊನ್ನೆ ಬರೆದು, ಪೆನ್ನು ಕಾಗದ ಹರಿಯುವಷ್ಟು ಒತ್ತಿ ಅಡಿಗೆರೆ ಎಳೆದಳು. ಮೂರು ವಾರ, ಒಂದು ಬೊಗಸೆ ಧೂಳು, ಒಂದು ಉಳಿದ ಸ್ಕ್ರೂ, ಒಬ್ಬ ರಿಪೇರಿಯವನು. ಇಷ್ಟಕ್ಕೂ ಕಾರಣ ಬೇರೆ ಬೀದಿಯಲ್ಲಿ ಕೂತಿದ್ದ ಒಂದು ಪ್ರಿಂಟರು. ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

"ಕೇಳಿಸ್ತು" ಎಂದ ಎಡಚ ಫೋನಿನಲ್ಲಿ. "ಕೈ ಹಾಗೇ ಇದೆ ನಿಮ್ಮದು. ನನ್ನ ಬೆರಳು ಗಂಟು ಕಟ್ಟಿ ನಾಲ್ಕು ವರ್ಷ ಆಯ್ತು. ಅಂಗಿ ಗುಂಡಿ ಹಾಕ್ಕೊಳ್ಳೋದೇ ಕಷ್ಟ."

"ಔಷಧಿ ತಗೊಳ್ತಿದ್ದೀರಾ?" ಎಂದಳು.

"ತಗೊಳ್ತೀನಿ. ಅವತ್ತು ನಿಮ್ಮ ರಿಬ್ಬನ್ ಸಿಕ್ಕಿಕೊಂಡಿದ್ದನ್ನ ನಾನೂ ನೋಡಿದ್ದೆ. ಮೇಷ್ಟರಿಗೆ ಹೇಳೋಣ ಅನ್ನಿಸ್ತು. ಕೈ ನಿಲ್ಲಿಸಿದ್ರೆ ನನ್ನದೂ ಹೋಗುತ್ತಲ್ಲ ಅಂತ ಒತ್ತುತ್ತಾನೇ ಇದ್ದೆ."

"ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ" ಎಂದಳು. ಹೇಳಿದ ಮೇಲೆ ಅದು ನಿಜವೆಂದು ಅವಳಿಗೇ ಗೊತ್ತಾಯಿತು.

ಮರುದಿನ ಹತ್ತಕ್ಕೆ ಡಾಕ್ಟರು ಬಂದರು. ಗೋಡೆಯಿಂದ ಗೋಡೆಗೆ ಓಡಾಡುತ್ತ ಹೇಳತೊಡಗಿದರು. ಅಕ್ಷರಗಳು ಅವರ ಬಾಯಿಯ ಹಿಂದೆಯೇ ಬಂದವು. ಅರ್ಧ ಗಂಟೆಯಾದ ಮೇಲೆ ಅವರೇ ಸುಸ್ತಾಗಿ ಕುರ್ಚಿ ಎಳೆದುಕೊಂಡರು. "ಇದೇನ್ರಿ, ಈಗ ನನ್ನನ್ನೇ ಓಡಿಸ್ಕೊಂಡು ಬರ್ತಾ ಇದೆ" ಎಂದರು. ಆ ದಿನ ಹದಿನಾಲ್ಕು ಪುಟ ಆಯಿತು. ಗಡುವಿಗೆ ಒಂದು ದಿನ ಮುಂಚೆಯೇ ಪುಸ್ತಕ ಮುದ್ರಣದವನ ಕೈ ಸೇರಿತು. ಮೈದುನ ವಿಷಯ ತಿಳಿದು ಪ್ರಿಂಟರನ್ನು ವಾಪಸ್ಸು ತಂದುಕೊಟ್ಟ. ಅವಳು ಬೇಡವೆಂದು ಬಾಗಿಲಿಂದಲೇ ಕಳಿಸಿದಳು.

ಒಂದು ವಾರ ಬಿಟ್ಟು ಕರಡು ತಿದ್ದಲು ಬಂತು. ಡಾಕ್ಟರು ಕನ್ನಡಕ ಏರಿಸಿಕೊಂಡು ಓದಿ, ಅಲ್ಲಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೊಟ್ಟಿದ್ದರು. ಅವಳು ಮಧ್ಯಾಹ್ನ ಒಬ್ಬಳೇ ಕೂತು ಅವನ್ನು ನೋಡಿದಳು. 'ಗರ್ಭ' ಇರಬೇಕಾದ ಕಡೆ 'ಗರ್ಬ'. 'ಔಷಧ' ಇರಬೇಕಾದ ಕಡೆ 'ಔಷದ'. ಇನ್ನೊಂದು ಪುಟದಲ್ಲಿ ಮತ್ತೆ 'ಗರ್ಬ'. ಎಣಿಸಿದಳು: ಮೂವತ್ತೇಳು. ಮೊದಲು ಅವಳಿಗೆ ಯಂತ್ರದ ಮೇಲೇ ಸಂಶಯ ಬಂತು. ನಿಧಾನವಾಗಿದ್ದ ದಿನಗಳಲ್ಲಿ ನುಂಗಿರಬೇಕು ಎಂದುಕೊಂಡಳು. ಆದರೆ ತಪ್ಪುಗಳಲ್ಲಿ ಹೆಚ್ಚಿನವು ಕೊನೆಯ ಅಧ್ಯಾಯಗಳಲ್ಲಿದ್ದವು, ಯಂತ್ರ ಸರಿಹೋದ ಮೇಲಿನವು.

ಮಹಾಪ್ರಾಣ ಒತ್ತುವಾಗ ಬಲಗೈಯ ಕಿರುಬೆರಳು ಶಿಫ್ಟ್ ಕೀಲಿಯನ್ನು ಹಿಡಿದಿರಬೇಕು. ಅವಳು ಖಾಲಿ ಪುಟ ತೆರೆದು, ಕಣ್ಣನ್ನು ಕೈಯ ಮೇಲಿಟ್ಟು, ಮೆಲ್ಲಗೆ ಒತ್ತಿ ನೋಡಿದಳು. ಕಿರುಬೆರಳು ಹೋಗುತ್ತಿತ್ತು. ಆದರೆ ಎಡಗೈ ಅಕ್ಷರ ಒತ್ತಿದ ಮೇಲೆ ಹೋಗುತ್ತಿತ್ತು, ಕೂದಲೆಳೆಯಷ್ಟು ತಡವಾಗಿ.

"ನಿನ್ನ" ಎಂದು ಆ ಬೆರಳನ್ನು ಬೈದಳು. ಮುಂದಿನ ಪದ ಸಿಗಲಿಲ್ಲ.

ಯಜಮಾನರಿಗೆ ಹೇಳಲಿಲ್ಲ, ಹೇಳಿದ್ದರೆ ಧೂಳೆನ್ನುತ್ತಿದ್ದರು. ಮೂವತ್ತೇಳನ್ನೂ ತಿದ್ದಿದಳು. ಡಾಕ್ಟರ ಕಣ್ಣಿಗೆ ಬೀಳದ ಇನ್ನು ನಾಲ್ಕನ್ನು ತಾನೇ ಹುಡುಕಿ ತಿದ್ದಿದಳು. ಮರುದಿನ ಬೆಳಿಗ್ಗೆ ಮನೆಯ ಕೆಲಸ ಮುಗಿಸಿ ಒಂಬತ್ತೂವರೆಗೇ ಹಿತ್ತಲ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಭ ಧ ಭ ಧ ಘ ಎಂದು ಒಂದು ಸಾಲು, ಅದರ ಕೆಳಗೆ ಇನ್ನೊಂದು ಸಾಲು. ಇಪ್ಪತ್ತನೆಯ ಸಾಲಿಗೆ ತಪ್ಪು ಮೂರಕ್ಕೆ ಇಳಿಯಿತು. ಇಪ್ಪತ್ತೊಂದರಲ್ಲಿ ಮತ್ತೆ ಐದಾಯಿತು. ಹಾಳಾಗಿ ಹೋಗಲಿ ಎಂದು ಕೈ ಕೊಡವಿ ಇಪ್ಪತ್ತೆರಡನೆಯದಕ್ಕೆ ಇಳಿದಳು. ಹೊರಗೆ ಗೇಟು ಸದ್ದಾಗಿ, ಡಾಕ್ಟರ ಗಂಟಲು ಅತ್ತೆಯನ್ನು ಮಾತಾಡಿಸುತ್ತ ಒಳಗೆ ಬರುತ್ತಿತ್ತು. ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಸೇರಿಸಬೇಕು, ಕರುಗಳ ಹೊಟ್ಟೆಹುಳುವಿನ ವಿಷಯ ಬಿಟ್ಟೇ ಹೋಗಿದೆ ಎಂದು ಹೇಳುತ್ತಿದ್ದರು.